ತಾಳದ ಯಂತ್ರದ ಸೆಲ್

ಕರೆಂಟು ಹೋಗಿ ಬಂದದ್ದೇ ತಡ, ನಮ್ಮ ಹಾಲಿನ ಡೇರಿಯ ಕಂಪ್ಯೂಟರ್ ಮತ್ತೆ ಹಳೆಯ ವರ್ಷಕ್ಕೆ ಹೋಗಿ ಕೂತಿತು. ಒಳಗಿನ ಗಡಿಯಾರದ ಸೆಲ್ ಸತ್ತಿತ್ತು. ತಾರೀಖು ತಪ್ಪಿದರೆ ಅದು ಹಾಲಿನ ಚೀಟಿ ಕೊಡುವುದಿಲ್ಲ. ಬೆಳಗಿನಿಂದ ತಿದ್ದಿ ತಿದ್ದಿ ನನಗೆ ಅಳುವೇ ಬಂದಿತ್ತು. ಅರಕಲಗೂಡಿಗೆ ಹೋಗಿ ಸೆಲ್ ತರುವಷ್ಟು ಹೊತ್ತಿರಲಿಲ್ಲ.

"ಬಿರ್ನೆ ತಗಳವ್ವಾ, ಹಾಲು ಒಡ್ದೋಯ್ತದೆ!" ಎಂದು ಸಾಲಿನಲ್ಲಿದ್ದವರು ಕೂಗಿದರು.

ಹಾಲು ಹಾಕಲು ಬಂದಿದ್ದ ಸಂಗೀತದ ಮೇಷ್ಟ್ರು ಕ್ಯಾನ್ ಇಳಿಸಿ ಮನೆಗೆ ಓಡಿದರು. ಪಾಠಕ್ಕೆ ಇಟ್ಟುಕೊಂಡಿದ್ದ ತಾಳದ ಯಂತ್ರದಿಂದ ಅಂಥದೇ ಬಿಲ್ಲೆ ಸೆಲ್ ಬಿಚ್ಚಿ ತಂದರು.

"ತಾಳಕ್ಕೆ ಕೈ ಇದೆಯಲ್ಲಮ್ಮ, ಹಾಕು."

ಆಮೇಲೆ ಕರೆಂಟು ಹೋಗಿ ಬಂದರೂ ತಾರೀಖು ಕದಲಲಿಲ್ಲ.

ಸಂಜೆ ಅರಕಲಗೂಡಿನಿಂದ ತಂದ ಹೊಸ ಸೆಲ್ ಹಿಡಿದು ಅವರ ಮನೆಗೆ ಹೋದೆ. ಮೇಷ್ಟ್ರೂ ಮಕ್ಕಳೂ ತೊಡೆಯ ಮೇಲೆ ತಾಳ ಹಾಕುತ್ತ ಹಾಡುತ್ತಿದ್ದರು. ಆ ತಾಳ ಕೆಡಿಸಲು ಮನಸ್ಸು ಬಾರದೆ, ಪಾಠ ಮುಗಿಯುವವರೆಗೂ ಬಾಗಿಲಲ್ಲೇ ನಿಂತೆ.