ವಿಭೂತಿ ಹಚ್ಚಿದ ಬೋರ್ಡು

ಮರಳೂರಲ್ಲಿ ಒಂದು ಬೇಕರಿ ಮೇಲಿನ ಮಹಡಿಯಲ್ಲಿ ನಾನೂ ನನ್ನ ಗೆಳತಿಯೂ ಸೇರಿ ಸರ್ಕ್ಯೂಟ್ ಬೋರ್ಡ್ ಡಿಸೈನ್ ಮಾಡೋ ಅಂಗಡಿ ಇಟ್ಟಿದ್ವಿ. ಅಂಗಡಿ ಅಂದ್ರೆ ಅವಳಿಗೆ ಕೋಪ, ಆಫೀಸು ಅನ್ನಬೇಕು. ಎರಡು ಕಂಪ್ಯೂಟರಿಗೂ ಬೋರ್ಡ್ ಅಳೆಯೋ ಒಂದು ಬಾಡಿಗೆ ಮೀಟರಿಗೂ ಎಂಥಾ ಆಫೀಸೇ ಅಂತ ರೇಗಿಸ್ತಿದ್ದೆ. ಬೋರ್ಡ್ ಬಿಡಿಸೋದು ನನ್ನ ಕೆಲಸ. ಅವಳದು ಸಿಮ್ಯುಲೇಷನ್, ಅಂದ್ರೆ ಬೋರ್ಡ್ ತಯಾರಾಗೋಕೆ ಮುಂಚೆನೇ ಅದು ಹೇಗೆ ನಡ್ಕೊಳ್ಳುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ನೋಡೋದು. ಕಾಲೇಜಲ್ಲಿ ಮೇಷ್ಟ್ರ ಲೆಕ್ಕವನ್ನೇ ತಿದ್ದಿದ ಹುಡುಗಿ ಅವಳು.

ಅವಳ ತಲೆ ತಿಂತಿದ್ದದ್ದು ಕೆಪಾಸಿಟೆನ್ಸು. ವೇಗದ ಸಿಗ್ನಲ್‌ಗೆ ಬೋರ್ಡ್ ಮೇಲಿನ ತಾಮ್ರದ ಗೆರೆ ಬರೀ ತಂತಿಯಲ್ಲ. ಒಣಗಿದ ಕಾಲುವೆಗೆ ನೀರು ಬಿಟ್ರೆ ಮೊದಲು ಮಣ್ಣು ಕುಡಿಯೋ ಹಾಗೆ, ಗೆರೆ ಉದ್ದಕ್ಕೂ ಅಷ್ಟಷ್ಟು ಚಾರ್ಜ್ ತುಂಬಿಕೊಂಡೇ ಸಿಗ್ನಲ್ ಮುಂದೆ ಸಾಗಬೇಕು. ಎಷ್ಟು ತುಂಬುತ್ತೆ ಅನ್ನೋದೇ ಕೆಪಾಸಿಟೆನ್ಸು, ಅದು ಗೆರೆಯ ಅಗಲ, ಅದರ ಕೆಳಗಿರೋ ಪದರ, ಮೇಲೆ ಬಳಿದಿರೋ ವಸ್ತು ಇವೆಲ್ಲದರ ಮೇಲೆ ನಿಂತಿರುತ್ತೆ. ಅಂದಾಜು ತಪ್ಪಿದ್ರೆ ಸಿಗ್ನಲ್ ಕಲಸುಮೇಲೋಗರ.

ಗುಬ್ಬಿಯ ಗಿರಾಕಿಯೊಬ್ಬರು ನಮ್ಮನ್ನ ನಂಬಿ ಮೊದಲನೇ ದೊಡ್ಡ ಕೆಲಸ ಕೊಟ್ಟಿದ್ರು. ಅದರ ಸ್ಯಾಂಪಲ್ ಬೋರ್ಡ್ ಆಯುಧಪೂಜೆಯ ಹೊತ್ತಿಗೆ ಸರಿಯಾಗಿ ಬಂತು. ಹುಲಿಯೂರುದುರ್ಗದಿಂದ ಅವಳ ತಾಯಿ ಕಡ್ಲೆಪುರಿ, ಬೂದುಗುಂಬಳಕಾಯಿ ಹೊತ್ಕೊಂಡು ಬಂದ್ರು. ಕಂಪ್ಯೂಟರಿಗೆ, ಮೀಟರಿಗೆ, ನನ್ನ ಹಳೇ ಸ್ಕೂಟಿಗೆ ಹೂವು ಏರಿಸಿದ್ರು. ಇದೇನಾ ನನ್ನ ಮಗಳು ಮಾಡಿದ್ದು ಅಂತ ಬೋರ್ಡನ್ನ ಎರಡೂ ಕೈಯಲ್ಲಿ ಹಿಡಿದು ನೋಡಿ, ನೀರಲ್ಲಿ ಕಲಸಿದ ವಿಭೂತಿಯಿಂದ ಅದರ ಮೇಲೆ ಮೂರು ಬೆರಳು ಎಳೆದ್ರು. ನಾವೆಲ್ಲ ವಿಭೂತಿ ಹಚ್ಚೋ ಮನೆಯವರೇ, ಯಾರಿಗೂ ಏನೂ ಅನ್ನಿಸಲಿಲ್ಲ. ಮಾರನೇ ದಿನ ನನ್ನ ಗೆಳತಿ ಅದನ್ನ ಒದ್ದೆ ಬಟ್ಟೇಲಿ ಒರೆಸಿ, ತೇವ ತಾಗದಿರಲಿ ಅಂತ ಮೇಲೆ ವಾರ್ನಿಷ್ ಹೊಡೆದು, ಅಳತೆಗೆ ಕೂತಳು.

ಕೆಪಾಸಿಟೆನ್ಸು ಅವಳ ಲೆಕ್ಕಕ್ಕಿಂತ ಜಾಸ್ತಿ ಬಂತು. ಮಾಡೆಲ್ ಕಿತ್ತು ಹಾಕಿ ಮತ್ತೆ ಕಟ್ಟಿದಳು, ವಾರ್ನಿಷಿನ ದಪ್ಪ ಸೇರಿಸಿದಳು, ಊಹೂಂ, ತಾಳೆ ಆಗಲಿಲ್ಲ. ಲೆಕ್ಕ ಸರಿಯಿದೆ ಅಂತ ಅವಳು ಹಟ ಹಿಡಿದ್ರೆ, ಮೀಟರೇನು ಸುಳ್ಳು ಹೇಳುತ್ತಾ ಮೇಡಂ ಅಂದ್ರು ಗಿರಾಕಿ. ಕೊನೆಗೆ ಸೋತು, ಅಳತೆಗೆ ತಕ್ಕಂತೆ ಗೆರೆಗಳನ್ನ ಸಣ್ಣ ಮಾಡಿಸಿ ಪೂರ್ತಿ ಬೋರ್ಡ್‌ಗಳನ್ನ ಮಾಡಿಸಿದಳು. ಗುಬ್ಬಿಯಲ್ಲಿ ಒಂದಾದ್ರೂ ನೆಟ್ಟಗೆ ನಡೀಲಿಲ್ಲ. ಸುದ್ದಿ ಹರಡ್ತು, ಆಮೇಲೆ ಯಾರೂ ನಮ್ಮ ಮೆಟ್ಟಿಲು ಹತ್ತಲಿಲ್ಲ, ಬಾಗಿಲು ಹಾಕಿದ್ವಿ. ಕೇಳಿದವರಿಗೆಲ್ಲ ತನ್ನ ಲೆಕ್ಕವೇ ತಪ್ಪಿತ್ತು ಅಂತ ಹೇಳಿ, ಅವಳು ಊರಿಗೆ ಹೋಗಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳೋಕೆ ಶುರು ಮಾಡಿದಳು. ಅಂಥಾ ತಲೆ ಹೀಗೆ ಮೂಲೆ ಸೇರಿತಲ್ಲ ಅಂತ ನನಗೆ ಹೊಟ್ಟೆ ಉರೀತಿತ್ತು.

ನಾನೀಗ ತುಮಕೂರಿನ ಕಾಲೇಜೊಂದರ ಲ್ಯಾಬಲ್ಲಿದೀನಿ. ಮೊನ್ನೆ ನನ್ನ ಹತ್ರ ಉಳಿದಿದ್ದ ಆ ಸ್ಯಾಂಪಲ್ ಬೋರ್ಡಿನ ಕನೆಕ್ಟರುಗಳಾದ್ರೂ ಉಪಯೋಗಕ್ಕೆ ಬರಲಿ ಅಂತ ತಿನ್ನರ್ ಹಾಕಿ ವಾರ್ನಿಷ್ ತೆಗೆದೆ. ಲೆನ್ಸ್ ಹಿಡಿದು ನೋಡಿದ್ರೆ ತಾಮ್ರದ ಗೆರೆಗಳ ಅಂಚಿಗೆ ಆವತ್ತಿನ ವಿಭೂತಿ ಅಂಟಿ ಕೂತಿದೆ. ಬ್ರಶ್ಶಲ್ಲಿ ತೊಳೆದು, ಒಣಗಿಸಿ ಅಳೆದೆ. ಬಂದದ್ದು ಅವಳು ಮೊದಲು ಹೇಳಿದ್ದ ಲೆಕ್ಕವೇ.

ಆವತ್ತೇ ಕುಣಿಗಲ್ ಬಸ್ ಹತ್ತಿ, ಅಲ್ಲಿಂದ ಹುಲಿಯೂರುದುರ್ಗಕ್ಕೆ ಹೋದೆ. ಚಪ್ಪಲಿ ಬಿಡ್ತಾ ಬಿಡ್ತಾನೇ ಎಲ್ಲಾ ಹೇಳಿಬಿಟ್ಟೆ, ಕುಣಿದಾಡ್ತಾಳೆ ಅಂದ್ಕೊಂಡಿದ್ದೆ. ಅವಳು ಅಡುಗೆಮನೆ ಕಡೆ ನೋಡಿ, ಒಳಗೆ ಅಮ್ಮ ಇದಾಳೆ, ಮೆಲ್ಲಗೆ ಮಾತಾಡು ಅಂದಳು. ಅವಳಿಗೆ ಗೊತ್ತಿತ್ತು. ಗುಬ್ಬಿಯಿಂದ ವಾಪಸ್ ಬಂದ ಬೋರ್ಡನ್ನ ಅಳೆದಾಗಲೇ, ಪೂಜೆ ಕಾಣದ ಬೋರ್ಡು ತನ್ನ ಮಾಡೆಲ್ ಹೇಳಿದ ಹಾಗೇ ನಡ್ಕೊಂಡಾಗಲೇ, ಅವಳಿಗೆ ಹೊಳೆದಿತ್ತಂತೆ.

"ಬೀದಿಯಲ್ಲಿ ಯಾರು ಹೊಸ ಮನೆ ಕಟ್ಟಿದ್ರೂ ಹಾಲು ಉಕ್ಕಿಸೋಕೆ ನಮ್ಮಮ್ಮನ್ನೇ ಕರೀತಾರೆ, ಕೈಗುಣ ಚೆನ್ನಾಗಿದೆ ಅಂತ. ಮಗಳ ಕೆಲಸ ಕೆಟ್ಟಿದ್ದೇ ಆ ಕೈಯಿಂದ ಅಂತ ಗೊತ್ತಾದ್ರೆ ಅವಳು ಇನ್ನೊಂದು ಮನೆ ಹೊಸಿಲು ದಾಟ್ತಾಳೇನೇ?"

ಅದಕ್ಕೋಸ್ಕರ ನಿನ್ನ ವಿದ್ಯೆಗೆ ಮಣ್ಣು ಹಾಕ್ಕೊಂಡ್ಯಾ ಅಂತ ಬೈದೆ. ನನ್ನ ಹತ್ರನಾದ್ರೂ ಹೇಳಬಾರದಿತ್ತಾ ಅಂತ ಅತ್ತೂ ಬಿಟ್ಟೆ. ನಿನ್ನ ಬಾಯಲ್ಲಿ ಯಾವುದು ನಿಲ್ಲುತ್ತೆ ಅಂದಳು, ಅದೂ ನಿಜವೇ.

ಅಷ್ಟರಲ್ಲಿ ತಾಯಿ ಕಾಫಿ ತಂದು ನನ್ನ ಪಕ್ಕದಲ್ಲೇ ಕೂತರು. ಬಹಳ ದಿನದಿಂದ ಯಾರನ್ನಾದ್ರೂ ಕೇಳಬೇಕು ಅಂತಿದ್ರಂತೆ.

"ನೀನಾದ್ರೂ ನಿಜ ಹೇಳವ್ವ. ಇವ್ಳ ಲೆಕ್ಕಾನೇ ತಪ್ಪಿತ್ತಾ?"

ಅವಳು ನನ್ನನ್ನೇ ನೋಡ್ತಿದ್ದಳು. ಕಾಫಿ ಲೋಟ ಕೆಳಗಿಟ್ಟೆ.

"ಹೂಂ ಅಮ್ಮ, ತಪ್ಪಿತ್ತು" ಅಂದೆ.

ಹೋಗ್ಲಿ ಬುಡು ಅಂತ ನಿಟ್ಟುಸಿರು ಬಿಟ್ಟು, ಅವರು ಮಗಳ ತಲೆ ಸವರಿದ್ರು. ಇನ್ಮೇಲಾದ್ರೂ ಒಂದ್ಸಲಕ್ಕೆ ಎರಡ್ಸಲ ನೋಡಿ ಲೆಕ್ಕ ಮಾಡು ಮಗಳೇ ಅಂದ್ರು. ಅವಳು ಆಗ್ಲಮ್ಮ ಅಂದಳು.