ಸೋಮವಾರದ ಹಾಲು ಮತ್ತು ಸಣ್ಣ ಕಂಪ್ಯೂಟರ್

೨೦೦೨ನೇ ಇಸವಿಯ ಬೇಸಿಗೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇರುವ ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ಆಗ ನಾನು ಅಧ್ಯಕ್ಷೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸಹಿ ಮಾಡಲು, ಅಂಕಿ ಓದಲು ಬರುತ್ತಿತ್ತು, ಅಷ್ಟೆ. ಕಂಪ್ಯೂಟರ್ ಎಂಬುದನ್ನು ಬ್ಯಾಂಕಿನ ಗಾಜಿನಾಚೆ ನೋಡಿದ್ದೆ.

ಪಕ್ಕದ ಎರಡು ಊರಿನವರೂ ನಮ್ಮಲ್ಲಿಗೇ ಹಾಲು ತರುತ್ತಿದ್ದುದರಿಂದ ಮೂರು ಕೌಂಟರ್ ಇಟ್ಟಿದ್ದೆವು. ಒಳಗೆ ಒಂದೇ ಕಂಪ್ಯೂಟರ್ ಇಟ್ಟು, ಅದರಿಂದ ಮೂರಕ್ಕೂ ತಂತಿ ಎಳೆಯುವುದೆಂದು ಯೋಚನೆ. ಹಾಲಿನ ತೂಕ ಮತ್ತು ಫ್ಯಾಟ್, ಅಂದರೆ ಕೊಬ್ಬಿನ ಪ್ರಮಾಣ, ಎರಡೂ ಅದಕ್ಕೆ ಹೋಗಿ, ಅದರಂತೆ ದರ ಹಾಕಿದ ಚೀಟಿ ಬರಬೇಕು. ಮೈಸೂರಿನಿಂದ ಬಂದ ಇಂಜಿನಿಯರ್ ನಾಗೇಶ್ ಮೂರು ನಮೂನೆ ಹೇಳಿದರು. ಸಣ್ಣದು, ಮೇಜಿನ ಮೇಲಿಡುವಂಥದ್ದು. ನಡುವಿನದು ಸರ್ವರ್, ಮೆಮೊರಿ ಜಾಸ್ತಿ, ಡಿಸ್ಕ್ ಎರಡು, ಹಲವು ಕೌಂಟರಿನ ಕೆಲಸವನ್ನು ಒಟ್ಟಿಗೆ ತಾಳುತ್ತದೆ. ದೊಡ್ಡದಕ್ಕೆ ಎ.ಸಿ. ಕೋಣೆಯೇ ಬೇಕು. ದಿನಕ್ಕೆ ಎಷ್ಟು ಜನ ಬರುತ್ತಾರೆ ಎಂದು ಕೇಳಿದರು. ನಮ್ಮ ಕಾರ್ಯದರ್ಶಿ ಶಿವಮೂರ್ತಿ ಇದ್ದದ್ದನ್ನೇ ಹೇಳಿದ. ಸಣ್ಣದೇ ಸಾಕು ಎಂದು ತೀರ್ಮಾನವಾಯಿತು.

ಶುಕ್ರವಾರ ಜೋಡಿಸಿದರು. ಭಾನುವಾರದವರೆಗೆ ತಕರಾರಿಲ್ಲದೆ ಓಡಿತು. ಸೋಮವಾರ ಮಧ್ಯಾಹ್ನ ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹಾಕಿದ ಮೇಲೆ ವಾಪಸ್ಸಿಲ್ಲ.

ನಮ್ಮ ಕಡೆ ಸೋಮವಾರ ಮೊದಲ ಹಾಲು ಶಿವನಿಗೆ. ಗುಡಿಯಲ್ಲಿ ಅಭಿಷೇಕ ಮುಗಿದು ಮಂಗಳಾರತಿಯ ಗಂಟೆ ಬಾರಿಸುವವರೆಗೆ ಯಾರೂ ಡೈರಿಗೆ ಹಾಲು ಹಾಕುವುದಿಲ್ಲ. ಬೇರೆ ದಿನ ಹಾಲು ಕರೆದ ಹಾಗೆಲ್ಲ ಒಬ್ಬೊಬ್ಬರೇ ಬರುವವರು ಅವತ್ತು ಒಂದೇ ಸಲಕ್ಕೆ ಬರುತ್ತಾರೆ. ಇದು ಊರಿಗೆಲ್ಲ ಗೊತ್ತು. ಗೊತ್ತಿದ್ದರಿಂದಲೇ ಯಾರೂ ಇಂಜಿನಿಯರಿಗೆ ಹೇಳಲಿಲ್ಲ. ನಾವು ಉಸಿರಾಡುತ್ತೇವೆ ಎಂದು ಯಾರಾದರೂ ಹೇಳಿಕೊಳ್ಳುತ್ತಾರೆಯೇ?

ಆ ಸೋಮವಾರ ಗಂಟೆ ನಿಂತ ಸ್ವಲ್ಪ ಹೊತ್ತಿಗೆ ಮೂರು ಸಾಲೂ ರಸ್ತೆ ಮುಟ್ಟಿದವು. ಮೊದಲು ಚೀಟಿ ನಿಧಾನವಾಯಿತು. ಆಮೇಲೆ ಪರದೆ ನಿಂತೇಹೋಯಿತು. ಸಹಿಗೆಂದು ಬಂದಿದ್ದ ನಾಗೇಶ್ ಆಫ್ ಮಾಡಿ ಆನ್ ಮಾಡಿದರು; ಮತ್ತೆ ನಿಂತಿತು. ನನಗೆ ಹೆದರಿಕೆಯಾಯಿತು. ಹಾಲು ಒಯ್ಯುವ ಲಾರಿ ಬಾಗಿಲಲ್ಲಿ ಕಾಯುತ್ತಿದೆ. ಅದು ತಪ್ಪಿದರೆ ಆ ಬಿಸಿಲಿಗೆ ಮೂರು ಊರಿನ ಹಾಲು ಒಡೆದುಹೋಗುತ್ತದೆ.

"ಏನಕ್ಕ, ನಿನ್ ಪೆಟ್ಗೆ ಮೈಮ್ಯಾಲೆ ದೇವ್ರು ಬಂದದಾ?" ಎಂದು ಸಾಲಿನ ಕೊನೆಯಿಂದ ಮಾದಮ್ಮ ಕೂಗಿದಳು. ಎಲ್ಲರೂ ನಕ್ಕರು.

"ಚೀಟಿ ಆಮೇಕೆ ಕೊಡ್ತೀವಿ, ಆಲು ಉಯ್ರವ್ವ" ಎಂದೆ.

"ಚೀಟಿ ಇಲ್ದೆ ಉಯ್ದ್ರೆ ನನ್ ಎಮ್ಮೆ ಆಲೂ ಇವಳ ನೀರಾಲೂ ಒಂದೇ ಆಯ್ತದೆ. ಉಯ್ಯಕಿಲ್ಲ ಕಣಕ್ಕ" ಎಂದಳು ಮುಂದಿದ್ದವಳು.

"ಯಾರ್ದಮ್ಮಿ ನೀರಾಲು?" ಎಂದು ಪಕ್ಕದವಳು ತಿರುಗಿಬಿದ್ದಳು.

ಡ್ರೈವರ್ ಹಾರ್ನ್ ಹೊಡೆದ. "ಅಧ್ಯಕ್ಷಮ್ಮ, ಮುಂದ್ಲೂರ್ಗಳ ಆಲೂ ಎತ್ತಬೇಕು. ಅದೂ ಒಡೆದೋದ್ರೆ ಯಾರು ಜವಾಬ್ದಾರಿ?" ಅವನ ಮಾತಿನಲ್ಲಿ ತಪ್ಪಿರಲಿಲ್ಲ.

"ಶಿವಮೂರ್ತಿ, ಅಟ್ಟದ ಮ್ಯಾಲಿರೋ ಬಾಟ್ಲಿ ಇಳ್ಸು" ಎಂದೆ. ಕಂಪ್ಯೂಟರಿಗೆ ಮುಂಚೆ ಪ್ರತಿಯೊಬ್ಬಳ ಹಾಲಿನಲ್ಲಿ ಒಂದಿಷ್ಟನ್ನು ಅವಳ ನಂಬರಿನ ಬಾಟಲಿಗೆ ತೆಗೆದಿಟ್ಟು, ಲಾರಿ ಹೋದ ಮೇಲೆ ಫ್ಯಾಟ್ ಪರೀಕ್ಷೆ ಮಾಡುತ್ತಿದ್ದೆವು. ಬಾಟಲಿ ಕಂಡ ಮೇಲೆ ಹೆಂಗಸರು ಸುರಿಯತೊಡಗಿದರು. ಅವಸರದಲ್ಲಿ ಎರಡು ಬಾಟಲಿ ನಾನೇ ಒಡೆದೆ. ಆದರೂ ಮುಗಿಯಲಿಲ್ಲ. ಲಾರಿ ಹೊರಟಿತು. ಸಾಲಿನ ಕೊನೆಯವರ ಹಾಲು ಉಳಿಯಿತು. ಮಾದಮ್ಮ ನನ್ನ ಮುಂದೆ ಬಂದು ನಿಂತು, ತನ್ನ ಹಾಲನ್ನೆಲ್ಲ ಸಂಘದ ಮೆಟ್ಟಿಲ ಮೇಲೆ ಸುರಿದಳು. ಮನೆಗೊಯ್ದು ಹೆಪ್ಪು ಹಾಕಬಹುದಿತ್ತು. ಕೋಪಕ್ಕೆ ಸುರಿದಳು.

ಮಧ್ಯಾಹ್ನ ಪತ್ರ ಮುಂದೆ ಬಂತು. ನಾನು ಪೆನ್ನು ಮುಟ್ಟಲಿಲ್ಲ. ಶಿವಮೂರ್ತಿ ಹೆದರಿ, "ದೊಡ್ಡದೇ ತಗಂಬುಡವ ಅಕ್ಕ" ಎಂದ.

ನಾಗೇಶ್ ಬೇಡವೆಂದು ತಲೆಯಾಡಿಸಿದರು. "ಅದರ ಅರ್ಧ ಕೆಲಸವೂ ನಿಮ್ಮಲ್ಲಿಲ್ಲ ಅಮ್ಮ. ಎ.ಸಿ. ಓಡಿಸೋಕೆ ಇಲ್ಲಿ ಕರೆಂಟೂ ಸಾಲದು. ನಾನು ದಿನಕ್ಕೆಷ್ಟು ಜನ ಅಂತ ಕೇಳಿದೆ, ಒಂದೇ ಸಲಕ್ಕೆ ಎಷ್ಟು ಅಂತ ಕೇಳಲಿಲ್ಲ. ನಡುವಿನದು ತಾಳುತ್ತೆ."

"ತಾಳೋದ್ನ ಸೋಮವಾರ ತೋರ್ಸಿ ಸ್ವಾಮಿ. ಸಹಿ ಆಮೇಕೆ" ಎಂದೆ.

ಆ ವಾರವೇ ನಾಗೇಶ್ ಸಣ್ಣದನ್ನು ತೆಗೆದು ನಡುವಿನದನ್ನು ಜೋಡಿಸಿದರು. ಮುಂದಿನ ಸೋಮವಾರ ಗುಡಿಯ ಗಂಟೆ ಕೇಳಿದಾಗ ಮತ್ತೆ ಅದೇ ಭಯ. ಬಾಟಲಿಗಳನ್ನು ತೊಳೆಸಿ ಕೌಂಟರಿನ ಕೆಳಗೇ ಇಡಿಸಿದ್ದೆ. ಸಾಲು ರಸ್ತೆ ಮುಟ್ಟಿತು. ಚೀಟಿ ಬಂತು, ಬರುತ್ತಲೇ ಇತ್ತು. ಲಾರಿ ಹೊರಡುವಾಗ ಸಾಲಿನಲ್ಲಿ ಯಾರೂ ಉಳಿದಿರಲಿಲ್ಲ. ಸಹಿ ಹಾಕಿದೆ. ಮಾದಮ್ಮ ಮಾತ್ರ ಖಾಸಗಿ ಡೈರಿಯವನಿಗೆ ಹಾಲು ಹಾಕಲು ಶುರುಮಾಡಿದ್ದಳು. ಮತ್ತೆ ನಮ್ಮ ಕಡೆ ಬರಲೇ ಇಲ್ಲ.

ಅಧ್ಯಕ್ಷೆಯಾಗಿದ್ದಷ್ಟು ಕಾಲವೂ ಸೋಮವಾರದ ಆ ಭಯ ಹೋಗಲಿಲ್ಲ. ಹೋಗಲಿ ಎಂದು ನಾನೂ ಬಯಸಲಿಲ್ಲ. ಆಮೇಲೆ ತಕ್ಕಡಿಯೋ, ಹಾಲು ತಂಪು ಮಾಡುವ ಟ್ಯಾಂಕೋ, ಏನು ಕೊಂಡರೂ ಮಾರುವವನಿಗೆ ಒಂದೇ ಮಾತು ಹೇಳಿದ್ದೇನೆ: ಸಲೀಸಾದ ದಿನ ಬರಬೇಡ, ನಮಗೆ ಹೆದರಿಕೆಯಾಗುವ ದಿನ ಬಂದು ಓಡಿಸಿ ತೋರಿಸು.