ನಾಲ್ಕನೆಯ ಸ್ಕ್ರೂ

ಶೂಟಿಂಗ್ ಕ್ಲಬ್ಬಿನ ಹಿಂದಿನ ಗಲ್ಲಿಯಲ್ಲಿ ರೈಫಲ್ ರಿಪೇರಿ ಮಾಡುವ ಹೆಂಗಸನ್ನು ಎಲ್ಲರೂ ಬಿಗಿಯಕ್ಕ ಎಂದೇ ಕರೆಯುತ್ತಿದ್ದರು. ಮುಖವೂ ಬಿಗಿ, ಮಾತೂ ಬಿಗಿ, ಕೆಲಸವಂತೂ ಕೇಳಲೇಬೇಡಿ. ಆಕೆ ಕೂರಿಸಿದ ಸ್ಕ್ರೂ ಸಡಿಲವಾದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಹಾಗೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಆಕೆಯೊಬ್ಬಳು ಮಾತ್ರ ನಗುತ್ತಿರಲಿಲ್ಲ.

ವಿದ್ಯೆ ಅಪ್ಪನದು. "ಬಿಗಿ ಮಾಡೋಕೆ ತೋಳ್ಬಲ ಬೇಡ ಮಗಳೇ, ಸರಿಯಾದ ಸ್ಕ್ರೂಡ್ರೈವರ್ ಬೇಕು" ಅನ್ನುತ್ತಿದ್ದ. ಸ್ಕ್ರೂ ತಲೆಯ ಸೀಳಿನಲ್ಲಿ ಅದರ ತುದಿ ಭರ್ತಿಯಾಗಿ ಕೂರಬೇಕು. ತೆಳುವಾದರೆ ಜಾರಿ ತಲೆ ತಿನ್ನುತ್ತದೆ, ದಪ್ಪವಾದರೆ ಒಳಗೇ ಇಳಿಯುವುದಿಲ್ಲ. ಅದಕ್ಕೇ ಒಂದೊಂದು ರೈಫಲಿಗೂ ತುದಿಯನ್ನು ಕಲ್ಲಿಗೆ ಉಜ್ಜಿ ಹದ ಮಾಡಿಕೊಳ್ಳುವುದು. ಮೊದಲು ಎಣ್ಣೆಯ ಪಸೆ ಒರೆಸಿ, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬರಬೇಕು. ಅತಿಯಾದರೆ, ಗುರಿ ನೋಡಲು ರೈಫಲಿನ ಮೇಲೆ ಕೂರಿಸುವ ದುರ್ಬೀನಿನ ಕೊಳವೆಯೇ ಅಪ್ಪಚ್ಚಿ. ಎಲ್ಲ ಮುಗಿದ ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ಕೆಂಪು ಬಣ್ಣದಲ್ಲಿ ಒಂದು ಸಣ್ಣ ಗೆರೆ. ಸ್ಕ್ರೂ ಕೂದಲೆಳೆಯಷ್ಟು ಕದಲಿದರೂ ಗೆರೆ ತುಂಡಾಗುತ್ತದೆ. ಚಡ್ಡಿ ಹಾಕುತ್ತಿದ್ದ ತಮ್ಮನಿಗೆ ಆಕೆ ಮೊದಲು ಕಲಿಸಿದ್ದೇ ಆ ಗೆರೆ ನೋಡುವುದನ್ನು.

ತಮ್ಮ ಬೆಳೆದು ಒಳ್ಳೆಯ ಶೂಟರ್ ಆದ. ದೊಡ್ಡ ತಂಡದ ಆಯ್ಕೆಗೆ ಹೊರಟಾಗ ಅವನ ರೈಫಲಿಗೆ ದುರ್ಬೀನು ಕೂರಿಸಿಕೊಟ್ಟವಳು ಅಕ್ಕನೇ. ಅದನ್ನು ಹಿಡಿಯುವ ನಾಲ್ಕು ಸ್ಕ್ರೂಗಳಲ್ಲಿ ಕೊನೆಯ, ನಾಲ್ಕನೆಯ ಸ್ಕ್ರೂ ಹಿಡಿದಿದ್ದಾಗ ಅಮ್ಮ ಒಳಗಿನಿಂದ ಕರೆದಳು. ಎದ್ದು ಹೋಗಿ ಬಂದಳು, ಕೆಲಸ ಮುಗಿಸಿದಳು. ಮಾರನೇ ದಿನ ತಮ್ಮನ ಗುಂಡುಗಳು ಗುರಿಹಲಗೆಯ ಮೇಲೆ ದಿಕ್ಕಾಪಾಲಾಗಿ ಬಿದ್ದವು.

"ನಮ್ಮಕ್ಕ ಸ್ಕ್ರೂ ಬಿಗೀನೇ ಮಾಡಿಲ್ಲ" ಎಂದ, ಎಲ್ಲರ ಎದುರಿಗೇ.

"ಕೊಡು, ನೋಡ್ತೀನಿ" ಎಂದು ಆಕೆ ಕೈ ಚಾಚಿದಳು. ಅವನು ರೈಫಲನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರೋ ತಮ್ಮನ ಬೆನ್ನ ಹಿಂದೆ ಮೆಲ್ಲಗೆ ಅಂದರು. ಅಂದವರಿಗೇನು, ಅಂದು ಮನೆಗೆ ಹೋದರು. ಅಕ್ಕ ತಮ್ಮಂದಿರ ಮಾತು ಅಂದಿಗೇ ನಿಂತಿತು. ಅವನು ಮತ್ತೆ ಸ್ಪರ್ಧೆಗಿಳಿಯಲಿಲ್ಲ. ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದ. ಕರೆಯೋಲೆ ಅಂಚೆಯಲ್ಲಿ ಬಂತು. ತರಕಾರಿ ಅಂಗಡಿಯಲ್ಲಿ ಎದುರಾದರೆ ಈರುಳ್ಳಿಯನ್ನು ರತ್ನ ಪರೀಕ್ಷೆ ಮಾಡುವವನಂತೆ ತಿರುವಿ ತಿರುವಿ ನೋಡುತ್ತಿದ್ದ.

ಅವನ ಮಾತಿಗಿಂತ ಆಕೆಯನ್ನು ತಿಂದದ್ದು ತನ್ನದೇ ಅನುಮಾನ. ಅಮ್ಮ ಕರೆದಾಗ ಎದ್ದುಹೋದೆನಲ್ಲ, ವಾಪಸ್ಸು ಬಂದು ನಾಲ್ಕನೆಯದನ್ನು ಬಿಗಿ ಮಾಡಿದೆನೇ, ಇಲ್ಲ ಬರೀ ಗೆರೆ ಎಳೆದೆನೇ? ಎಷ್ಟು ನೆನೆದರೂ ನೆನಪಾಗದು. ಅಂದಿನಿಂದ ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಪರೀಕ್ಷಿಸುವ ಚಾಳಿ ಹತ್ತಿತು. ಕಾದು ಬೇಸತ್ತ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಒಂದು ದಿನ ಅಮ್ಮನೂ ತೀರಿಹೋದಳು. ಸಂಜೆ ಅಂಗಡಿಯ ಬಾಗಿಲು ಎಳೆದು, ಮೇಲಿನ ಕೋಣೆಗೆ ಹತ್ತಿ, ಒಬ್ಬಳಿಗಾಗುವಷ್ಟು ಅನ್ನ ಮಾಡಿಕೊಂಡು ಉಣ್ಣುತ್ತಿದ್ದಳು.

ಹೋದ ತಿಂಗಳು ತಮ್ಮ ಎದೆನೋವಿನಿಂದ ತೀರಿಕೊಂಡ. ಆಕೆ ಹೋಗಿ, ಜನರ ಹಿಂದೆ ನಿಂತು, ನೋಡಿಕೊಂಡು ಬಂದಳು. ಇವತ್ತು ಅವನ ಹೆಂಡತಿ ಪೆಟ್ಟಿಗೆ ಹೊತ್ತು ಅಂಗಡಿಗೆ ಬಂದಿದ್ದಳು.

"ರೈಫಲ್ ಕ್ಲಬ್ಬಿಗೆ ಒಪ್ಪಿಸ್ಬೇಕು ಅತ್ತಿಗೆ. ದುರ್ಬೀನು ಬಿಚ್ಚಿ ಕೊಡಿ ಅಂದ್ರು. ಇದಕ್ಕೆ ಬೇರೆ ಯಾರೂ ಕೈ ಹಾಕಿಲ್ಲ."

ಬಿಗಿಯಕ್ಕನಿಗೆ ಪೆಟ್ಟಿಗೆ ತೆರೆಯಲು ಕೈಯೇ ಬರಲಿಲ್ಲ. ಕೊನೆಗೆ ಗಟ್ಟಿ ಮನಸ್ಸು ಮಾಡಿ, ರೈಫಲನ್ನು ಮೇಜಿನಂಚಿನ ಚರ್ಮ ಹೊದಿಸಿದ ಇಕ್ಕಳ, ವೈಸಿಗೆ ಕಚ್ಚಿಸಿ, ಕನ್ನಡಕ ಏರಿಸಿದಳು. ನಾಲ್ಕೂ ಗೆರೆಗಳು ಮಾಸಿದ್ದವು, ಆದರೆ ಒಂದೂ ತುಂಡಾಗಿರಲಿಲ್ಲ. ಸಾಲದೆಂದು, ಸ್ಕ್ರೂ ತಕ್ಕಷ್ಟು ಬಿಗಿಯಿದ್ದರೆ ಕಟಕ್ ಎನ್ನುವ, ಬಿಗಿತ ಅಳೆಯುವ ಸ್ಕ್ರೂಡ್ರೈವರ್ ಇಟ್ಟು ನೋಡಿದಳು. ನಾಲ್ಕನೆಯದೂ ಒಂದಿಷ್ಟೂ ತಿರುಗದೆ ಕಟಕ್ ಎಂದಿತು. ಬಿಗಿಯೇ ಇತ್ತು.

"ಅವರೂ ಹೀಗೇ ನೋಡೋರು" ಎಂದಳು ತಮ್ಮನ ಹೆಂಡತಿ. "ಭಾನುವಾರ ಒರೆಸೋಕೆ ಅಂತ ತೆಗೆದ್ರೆ, ಟಾರ್ಚ್ ಹಾಕ್ಕೊಂಡು ಆ ಕೆಂಪು ಗೆರೇನ ತುಂಬ ಹೊತ್ತು ನೋಡ್ತಾ ಕೂರೋರು. ಏನ್ರೀ ಅದು ಅಂದ್ರೆ, ಅಕ್ಕಂಗೆ ಗೊತ್ತು ಅನ್ನೋರು."

ಬಿಗಿಯಕ್ಕ ಸ್ಟೂಲು ಎಳೆದುಕೊಂಡು ಕೂತಳು. ತಪ್ಪು ತನ್ನದೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಗ ಅವನ ಮುನಿಸಿಗೆ ಒಂದು ಅರ್ಥವಾದರೂ ಇರುತ್ತಿತ್ತು. ಅವನ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳುವೂ ಬಂತು.

"ಏನಾಯ್ತು ಅತ್ತಿಗೆ?"

"ಗೊತ್ತಿತ್ತಲ್ಲೇ ಅವನಿಗೆ" ಎಂದಳು. "ಎರಡು ಬೀದಿ ದಾಟಿ ಬರೋಕೆ ಆಗ್ಲಿಲ್ಲ, ನೋಡು."

ಡ್ರಾಯರಿನ ತಳದಿಂದ, ಆ ರೈಫಲಿಗೆಂದೇ ಉಜ್ಜಿಟ್ಟಿದ್ದ ಸ್ಕ್ರೂಡ್ರೈವರ್ ತೆಗೆದಳು. ಬೇರೆ ಯಾವುದಕ್ಕೂ ಅದನ್ನು ಬಳಸಿರಲಿಲ್ಲ. ನಾಲ್ಕನೆಯ ಸ್ಕ್ರೂವಿನ ಸೀಳಿಗೆ ಅದು ಭರ್ತಿಯಾಗಿ ಕೂತಿತು. ಆಕೆ ಎಡಕ್ಕೆ ತಿರುಗಿಸಿದಳು, ಗೆರೆ ತುಂಡಾಯಿತು.